ನಲವತ್ತೊಂದನೆಯ ಸಾಲು

ಫಿನ್ಲೆಂಡಿನ ಔಲು. ಮಾರ್ಚಿ ಮುಗಿಯುತ್ತ ಬಂದರೂ
ಕಡಲು ಇನ್ನೂ ನೀರ್ಗಲ್ಲು.
ಬೆಳಗಿನ ಆರೂವರೆಗೇ ಕಿಟಕಿಯಾಚೆ
ತೂತು ಕೊರೆದು ಗಾಳ ಇಳಿಬಿಟ್ಟು ಕೂತಿದ್ದಾನೆ
ಪಕ್ಕದ ಮನೆಯ ತೌನೊ, ತನ್ನದೇ ಕುರ್ಚಿ ಹೊತ್ತು ತಂದು.
ನನ್ನದು ಅಡಿಗೆಮನೆಯ ಮೇಜು, ಎರಡನೆಯ ಲೋಟ ಕಾಫಿ,
ರಾತ್ರಿ ಬಂದು ಬಿದ್ದ ಒಂದು ಪ್ಯಾಚು.

ಕಳಿಸಿದವನು ಇಲ್ಮಾರ್ಸ್ ಅಂತೆ, ಲಾತ್ವಿಯಾದವನು.
ಮುಖ ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ.
ಗೊತ್ತಿರುವುದಿಷ್ಟು: ತೆಗೆದದ್ದು ಮೂರು ಸಾಲು, ಕೂಡಿಸಿದ್ದು ಹನ್ನೊಂದು.
ತೆಗೆದವು ಕೆಂಪು, ಕೂಡಿಸಿದವು ಹಸಿರು,
ಉಳಿದದ್ದು ಅಕ್ಕಪಕ್ಕದ ಊರು, ದಾರಿ ತಪ್ಪದಿರಲೆಂದು.

ಓದಿದೆ. ಓದಿ ಸಣ್ಣಗೆ ಸಿಳ್ಳೆ ಹೊಡೆದೆ.
ಹಳೆಯ ಸೀರಿಯಲ್ ಕಾರ್ಡಿನ ಡ್ರೈವರು. ಹತ್ತೊಂಬತ್ತು ವರ್ಷ
ನಾನೇ ಸಾಕಿದ್ದು, ಈಗ ಯಾರೂ ಕೊಳ್ಳದ್ದು;
ಯಾವುದೋ ದ್ವೀಪದ ಫೆರ್ರಿಯ ಗೇಟಿಗೂ
ಯಾವುದೋ ಹಿಟ್ಟಿನ ಗಿರಣಿಯ ತಕ್ಕಡಿಗೂ ಇನ್ನೂ ಅದೇ ಗತಿ.
ಅದರೊಳಗೊಂದು ಬೀಗ. ಎಲ್ಲ ಸರಿಯಿದ್ದರೆ ಹಾಕುತ್ತದೆ, ತೆಗೆಯುತ್ತದೆ;
ಕೆಟ್ಟ ದಾರಿ ಹಿಡಿದು ಹೊರಟರೆ ಮಾತ್ರ
ಹಾಕಿದ್ದು ಹಾಕಿದಂತೆಯೇ, ಬೀಗದಕೈ ಒಳಗೇ ಮರೆತು
ಹೊರಗೆ ಬಂದುಬಿಡುತ್ತದೆ.
ಆಮೇಲೆ ಬಂದವರೆಲ್ಲ ಬಾಗಿಲಲ್ಲಿ, ಒಬ್ಬರ ಹಿಂದೊಬ್ಬರು,
ಯಂತ್ರವೇ ನಿಂತುಹೋಗುವವರೆಗೆ.
ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳದ್ದು
ಅವನ ಕಣ್ಣಿಗೆ ಬಿದ್ದಿದೆ.

ಸರಿ, ಕಟ್ಟಿ ನೋಡೋಣ ಎಂದು ಮೇಕ್ ಅಂದೆ.
ಫ್ಯಾನು ಗೊರ್ರೆಂದಿತು. ಕಡತದ ಹಿಂದೆ ಕಡತ
ಸರಸರ ಸರಿದು, ನನ್ನ ಡ್ರೈವರಿನ ಹೊಸ್ತಿಲಲ್ಲಿ
ಎಡವಿ ಬಿತ್ತು.
ನಲವತ್ತೊಂದನೆಯ ಸಾಲು: ಈ ಹೆಸರಿನವರು ಇಲ್ಲಿ ಯಾರೂ ಇಲ್ಲ.

ಎಷ್ಟು ಸುಲಭ, ಸಿಟ್ಟು. ಬೆರಳ ತುದಿಯಲ್ಲೇ ಕಾದಿರುತ್ತದೆ.
"ಕಂಪೈಲೇ ಆಗದ್ದನ್ನು ಕಳಿಸಿದ್ದೀಯ. ಒಮ್ಮೆಯಾದರೂ ನೀನು"
ಎಂದು ಬರೆದೆ.
ನನಗೂ ಹೀಗೆ ಬರೆದಿದ್ದರು ಒಬ್ಬರು, ನನ್ನ ಇಪ್ಪತ್ತಾರಕ್ಕೆ.
ಒಂದೇ ಸಾಲು. ನಾನೊಂದು ಅರ್ಧವಿರಾಮ ಬಿಟ್ಟದ್ದಕ್ಕೆ
ಅವರು ಪೂರ್ಣವಿರಾಮ ಇಟ್ಟಿದ್ದರು.
ಎಂಟು ತಿಂಗಳು ಯಾರಿಗೂ ಏನೂ ಕಳಿಸಲಿಲ್ಲ ನಾನು.

ಕಳಿಸುವ ಗುಂಡಿಯ ಮೇಲೆ ಬೆರಳು. ಹೊರಗೆ ತೌನೊ
ಎದ್ದು ಹೊಸ ಜಾಗ ಹುಡುಕಿ ನಡೆಯುತ್ತಿದ್ದಾನೆ;
ನಾಲ್ಕು ಹೆಜ್ಜೆಗೊಮ್ಮೆ ಸಲಾಕೆ ಕುಟ್ಟಿ, ಸದ್ದು ಕೇಳಿ,
ಮತ್ತೆ ನಾಲ್ಕು ಹೆಜ್ಜೆ. ಎಪ್ಪತ್ತೆರಡು ಚಳಿಗಾಲ ಕಂಡವನು,
ನಿನ್ನೆ ತಾನೇ ಕೂತಿದ್ದ ಕಡೆಯನ್ನೂ
ಇವತ್ತು ಕುಟ್ಟದೆ ನಂಬುವುದಿಲ್ಲ.

ನಿನ್ನೆ.
ನಿನ್ನೆ ಏನು ಮಾಡಿದೆ ನಾನು?

ಹಿಂದಿನ ದಾಖಲೆ ಮಗುಚಿದೆ. ಮಂಗಳವಾರ, ರಾತ್ರಿ ಹನ್ನೊಂದು ಐವತ್ತು:
"ಸಣ್ಣ ಸ್ವಚ್ಛತೆ. ಬಳಕೆಯಲ್ಲಿಲ್ಲದ ಹೆಡರು ತೆಗೆದಿದೆ."
ಕೆಳಗೆ ಸಹಿ: ಓರ್ವೊಕ್ಕಿ ರೌತಿಯೊ. ನಾನೇ.
ಆ ಹೆಸರಿನವರ ಮನೆಯಿದ್ದದ್ದು ಆ ಹೆಡರಿನಲ್ಲಿ.
ಗುಡಿಸುವ ಭರದಲ್ಲಿ ವಿಳಾಸವನ್ನೂ ಗುಡಿಸಿದ್ದೆ.
ಅವನು ಕಟ್ಟಿದ್ದು ಸೋಮವಾರದ ನೆಲದ ಮೇಲೆ, ಅಲ್ಲಿ ನಿಂತಿತ್ತು;
ನಾನು ನಿಲ್ಲಿಸಹೋದದ್ದು ಬುಧವಾರದಲ್ಲಿ.
ಅಂಗೈಯ ಹುಣ್ಣು. ಅದಕ್ಕೂ ಬೇಕಾಯಿತು
ಲಾತ್ವಿಯಾದಿಂದ ಬಂದ ಕನ್ನಡಿ.

ಬರೆದದ್ದನ್ನು ಅಳಿಸಿದೆ, ಕೊನೆಯಿಂದ, ಒಂದೊಂದೇ ಅಕ್ಷರ.
ಯಂತ್ರದ್ದೊಂದು ಒಳ್ಳೆಯ ಗುಣ: ಇಲ್ಲ ಅನ್ನುತ್ತದೆ,
ಯಾರಿಂದ ಅನ್ನುವುದಿಲ್ಲ.
ಆ ಖಾಲಿ ಜಾಗ ತುಂಬುವವರು ನಾವು,
ಮೊದಲು ಕೈಗೆ ಸಿಕ್ಕ ಹೆಸರಿನಿಂದ.

"ಇಲ್ಮಾರ್ಸ್, ಇಲ್ಲಿ ಕಟ್ಟುತ್ತಿಲ್ಲ. ತಪ್ಪು ನನ್ನದು.
ಹೆಡರು ವಾಪಸು ಹಾಕುತ್ತಿದ್ದೇನೆ. ಬೀಗದ ವಿಷಯ ನೀನು ಹೇಳಿದ್ದೇ ಸರಿ.
ಮೂವತ್ತೆಂಟನೆಯ ಸಾಲಿನಲ್ಲಿ ಟ್ಯಾಬಿನ ಬದಲು ಎಂಟು ಸ್ಪೇಸುಗಳಿವೆ,
ಅದು ಮಾತ್ರ ನಿನ್ನದು. ತಿದ್ದಿ ಇನ್ನೊಮ್ಮೆ ಕಳಿಸು."

ಅಷ್ಟನ್ನೂ ಬಿಟ್ಟುಕೊಡಲು ಆಗಲಿಲ್ಲ, ನೋಡಿ.

ಕಾಫಿ ಆರಿತ್ತು. ದೂರದಲ್ಲಿ ತೌನೊ
ಏನನ್ನೋ ಎಳೆದ, ಬೆಳಕಿಗೆ ಹಿಡಿದು ನೋಡಿದ.
ಚಿಕ್ಕದಿರಬೇಕು; ಅದೇ ತೂತಿಗೆ ಇಳಿಬಿಟ್ಟ.
ಹೆಡರು ಹಾಕಿ ಮತ್ತೆ ಮೇಕ್ ಅಂದೆ.
ಫ್ಯಾನು ಗೊರ್ರೆಂದಿತು.